ಒಂಬತ್ತನೆಯ ಪಂಜರ

ಸಿರಿ ಮೇಡಂ ಟಾರ್ಚ್ ಹಿಡಿದು ಒಂಬತ್ತನೆಯ ಪಂಜರದ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು. ಇಲಿಯ ಕಿವಿಯ ತೆಳು ಚರ್ಮದ ಮೇಲೆ ಬೆಳಕು ಬಿದ್ದು ಒಳಗಿನ ಕೆಂಪು ಕಾಣುತ್ತಿತ್ತು. ತಿಂದ ವಿಷಕ್ಕೆ ರಕ್ತ ಹೆಪ್ಪುಗಟ್ಟದೆ ಒಳಗೊಳಗೇ ಸೋರುತ್ತಿದ್ದರೆ ಆ ಕಿವಿ ಬಿಳಿಚಿಕೊಳ್ಳಬೇಕಿತ್ತು. ಆ ಸಾಲಿನ ಉಳಿದ ಇಲಿಗಳೆಲ್ಲ ಹಾಗೆ ಬಿಳಿಚಿಕೊಂಡು, ಮೂಲೆಯಲ್ಲಿ ಮುದುಡಿ, ಒಂದೊಂದಾಗಿ ತಣ್ಣಗಾಗಿದ್ದವು. ಇದು ಮಾತ್ರ ಸರಳಿನ ನಡುವೆ ಮೂಗು ತೂರಿಸಿ ಟಾರ್ಚನ್ನೇ ಮೂಸುತ್ತಿತ್ತು.

"ಅಷ್ಟು ವಿಷ ತಿಂದೂ ಏನೂ ಆಗಿಲ್ಲ ನೋಡಿ, ದಾಸಪ್ಪನವರೇ," ಎಂದರು ಮೇಡಂ. ಅವರ ದನಿಯಲ್ಲಿ ಹಿಗ್ಗಿತ್ತು. "ಔಷಧಿಗೆ ಬಗ್ಗದ ಇಲಿ ಇದು. ಇದನ್ನ ಸಾಯಿಸಲ್ಲ. ಬೇರೆ ಇಟ್ಟು ಮರಿ ಮಾಡಿಸ್ತೀವಿ."

ಪೊರಕೆ ಹಿಡಿದು ನಿಂತಿದ್ದ ದಾಸಪ್ಪ, "ಸಾಯ್ಸಾಕಿಲ್ವಾ ಮೇಡಂ?" ಎಂದು ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡ.

ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಹಿಂಬದಿಯಲ್ಲಿದ್ದ ಆ ಕೇಂದ್ರದಲ್ಲಿ ಸಿರಿ ಮೇಡಂ ಇಲಿ ಪಾಷಾಣಗಳ ಪರೀಕ್ಷೆ ನಡೆಸುತ್ತಿದ್ದರು. ರಾಮನಗರದ ನೂಲು ತೆಗೆಯುವ ಮನೆಗಳಲ್ಲಿ ರೇಷ್ಮೆಗೂಡು ಕಡಿದು ಒಳಗಿನ ಹುಳ ತಿಂದು ಕೊಬ್ಬಿದ ಇಲಿಗಳು ಹಳೆಯ ವಿಷಕ್ಕೆ ಸಾಯುತ್ತಿಲ್ಲ ಎಂಬ ದೂರು ಬಂದಿತ್ತು. ಅವನ್ನು ಬೋನಿನಲ್ಲಿ ಹಿಡಿದು ತಂದು, ಒಂದೊಂದು ಪಂಜರಕ್ಕೆ ಒಂದೊಂದರಂತೆ ಬಿಟ್ಟು, ವಿಷ ಬೆರೆಸಿದ ಕಾಳು ಮತ್ತು ನೀರು ಮಾತ್ರ ಇಡಬೇಕು. ಬೇರೇನೂ ಕೊಡಕೂಡದು. ಇಡುವ ಕೆಲಸ ದಾಸಪ್ಪನದು.

ಅವನು ಗುಡೇಮಾರನಹಳ್ಳಿಯವನು. ಹೆಂಡತಿ ಮಾಯಮ್ಮ ಇರುವ ತನಕ ಮನೆ ತುಂಬ ರೇಷ್ಮೆಹುಳ ಸಾಕಿದ್ದರು. ಅದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಅವಳು ಹೋದ ಮೇಲೆ ಹಿಪ್ಪುನೇರಳೆ ತೋಟವನ್ನು ಗುತ್ತಿಗೆಗೆ ಕೊಟ್ಟು, ಮಗಳನ್ನು ಕನಕಪುರದ ನರ್ಸಿಂಗ್ ಹಾಸ್ಟೆಲಿಗೆ ಸೇರಿಸಿ, ಇಲ್ಲೊಂದು ಶೀಟು ಮನೆ ಹಿಡಿದಿದ್ದ. ಸಂಜೆ ಮಗಳು ಫೋನು ಮಾಡಿದರೆ "ಅಪ್ಪಾ, ಉಂಡ್ಯಾ?" "ಉಂಡೆ ಕಣವ್ವ." ಅಲ್ಲಿಗೆ ಮುಗಿಯಿತು.

ಅವನ ಉಳಿದ ಮಾತೆಲ್ಲ ಒಂಬತ್ತನೆಯ ಪಂಜರದ ಮುಂದೆ. ಅವನ ಹೆಜ್ಜೆ ಸದ್ದಿಗೆ ಮಿಕ್ಕವು ಮೂಲೆಗೆ ಓಡಿದರೆ ಇದೊಂದೇ ಸರಳಿನ ಹತ್ತಿರ ಬರುತ್ತಿತ್ತು. ಮಧ್ಯಾಹ್ನ ಅದರ ಎದುರು ಸ್ಟೂಲು ಹಾಕಿಕೊಂಡು ಡಬ್ಬಿ ಬಿಚ್ಚುತ್ತಿದ್ದ. "ಇವತ್ತು ಮುದ್ದೆ ಒಸಿ ಗಂಟಾಗೈತೆ ಕಣ್ಲಾ. ನಗಬ್ಯಾಡ," ಎನ್ನುತ್ತಿದ್ದ. ಅದು ನೋಡುತ್ತಾ ಕೂತಿರುತ್ತಿತ್ತು. ಹಾಗೆ ನೋಡುವಾಗ ಅವನಿಗೆ ತುತ್ತು ಎತ್ತಲು ಆಗುತ್ತಿರಲಿಲ್ಲ. ಊರಲ್ಲಿ ರೇಷ್ಮೆಹುಳಕ್ಕೆ ಸೊಪ್ಪು ಹಾಕದೆ ಮನೆಯಲ್ಲಿ ಯಾರೂ ತಟ್ಟೆ ಮುಟ್ಟಿದವರಲ್ಲ. ಮೈ ಸುಡುವ ಜ್ವರದಲ್ಲೂ ಮಾಯಮ್ಮ ಎದ್ದು ಸೊಪ್ಪು ಹಾಕಿ ಬಂದೇ ನೀರು ಕುಡಿಯುತ್ತಿದ್ದಳು. ಕೆಲಸಕ್ಕೆ ಬರುವ ದಾರಿಯಲ್ಲಿ ಯಾರದೋ ಹಿಪ್ಪುನೇರಳೆ ತೋಟವಿತ್ತು. ದಿನಾ ನಾಲ್ಕೈದು ಎಳೆ ಎಲೆ ಕಿತ್ತು ಜೇಬಿಗೆ ಹಾಕಿಕೊಂಡು ಬರುತ್ತಿದ್ದ. ಸೊಪ್ಪು ತಾನೆ, ಅದೇನು ಊಟವೇ ಎಂದು ತನಗೆ ತಾನೇ ಹೇಳಿಕೊಂಡಿದ್ದ. ಇಲಿ ಎರಡು ಕೈಯಲ್ಲಿ ಎಲೆ ಹಿಡಿದು ಅಂಚಿನಿಂದ ಕಡಿಯಲು ಶುರು ಮಾಡಿದ ಮೇಲೆ ಇವನು ಮುದ್ದೆ ಮುರಿಯುತ್ತಿದ್ದ.

ಮೇಡಂ ಟಾರ್ಚ್ ಹಿಡಿದು ಇಲಿಯ ಕಿವಿ ನೋಡಿದ ಬೆಳಿಗ್ಗೆಯೇ ವಾಸಿಂ ಸ್ಕೂಟರಿನಲ್ಲಿ ಬಂದ. ಇಲಿಗಳನ್ನು ಹಿಡಿದದ್ದು ಅವನ ನೂಲು ತೆಗೆಯುವ ಮನೆಯಲ್ಲೇ.

"ಏನ್ ದಾಸಣ್ಣ, ನಮ್ಮನೆ ಅಳಿಯಂದ್ರು ಹೆಂಗವ್ರೆ? ಕೂತ್ಕಂಡು ತಿಂದು ತಿಂದು ಅಭ್ಯಾಸ ಅವ್ರಿಗೆ."

"ಒಬ್ರು ಉಳ್ಕಂಡವ್ರೆ," ಎಂದ ದಾಸಪ್ಪ.

ಮೇಡಂ ವಾಸಿಂನನ್ನು ಕೂರಿಸಿ ವಿಷಯ ಹೇಳಿದರು. ಒಂದು ಇಲಿ ಬಗ್ಗಿಲ್ಲವೆಂದರೆ ಅಲ್ಲಿ ಅಂಥವು ಇನ್ನೂ ಇರುತ್ತವೆ. ಇನ್ನು ಅವನ ಮನೆಯಲ್ಲಿ ಹೆಚ್ಚು ಕಟುವಾದ ವಿಷ ಇಟ್ಟು ನೋಡಬೇಕು.

ವಾಸಿಂನ ಮುಖದ ನಗು ಇಳಿಯಿತು. "ಸ್ಟ್ರಾಂಗ್ ಅಂದ್ರೆ ಎಷ್ಟು ಮೇಡಂ? ಗೂಡು ಬೇಯ್ಸೋ ಒಲೆ ಪಕ್ಕದಲ್ಲೇ ನಮ್ ಆಯಿಷಾ ತೆವಳ್ತಾಳೆ. ಸಿಕ್ಕಿದ್ದೆಲ್ಲ ಬಾಯಿಗೆ."

"ಪೆಟ್ಟಿಗೆಯೊಳಗಿಟ್ಟು ಬೀಗ ಹಾಕ್ತೀವಿ. ಹಾಗೂ ಏನಾದ್ರೂ ಆದ್ರೆ ತಕ್ಷಣ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು. ವಿಟಮಿನ್ ಕೆ ಕೊಡ್ತಾರೆ. ರಕ್ತ ಹೆಪ್ಪುಗಟ್ಟೋಕೆ ಬೇಕಾದ್ದು ಅದೇ. ಹಸಿರು ಸೊಪ್ಪಲ್ಲೆಲ್ಲ ಇರುತ್ತೆ. ಅದಕ್ಕೇ ಇಲ್ಲಿ ಇಲಿಗಳಿಗೆ ಒಂದು ಎಲೆಯನ್ನೂ ಕೊಡಲ್ಲ."

"ಹಳೇ ಔಷಧಿನೇ ನಡ್ಯಲ್ವಾ?"

"ಈ ಇಲಿ ಅದಕ್ಕೆ ಸತ್ತಿದ್ರೆ ಅದೇ ಸಾಕಾಗಿತ್ತು."

"ಇನ್ನೇನ್ ಮಾಡೋದು, ಇಡಿ," ಎಂದು ವಾಸಿಂ ಎದ್ದ. "ಮಗೂನ ಸೊಂಟದ ಮೇಲೆ ಹೊತ್ಕೊಂಡೇ ನೂಲು ತೆಗೀತೀವಿ."

ಬಾಗಿಲ ಬಳಿ ನಿಂತಿದ್ದ ದಾಸಪ್ಪನಿಗೆ ಎದೆಯ ಮೇಲಿನ ಜೇಬು ಭಾರವಾದಂತೆ ಅನ್ನಿಸಿತು. ಅವನು ಎಲೆ ಹಾಕಿದ್ದನ್ನು ಯಾರೂ ನೋಡಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಇಲಿ ಬದುಕುತ್ತಿತ್ತು. ಅದಕ್ಕೊಂದು ಜೊತೆ, ಮರಿ, ದೊಡ್ಡ ಪಂಜರ. ಮಧ್ಯಾಹ್ನ ಅದರ ಎದುರು ಕೂರಬಹುದಿತ್ತು, ನಾಳೆಯೂ, ನಾಡಿದ್ದೂ. ಹೊರಗೆ ವಾಸಿಂ ಸ್ಕೂಟರಿನ ಸ್ಟ್ಯಾಂಡು ತೆಗೆದ ಸದ್ದಾಯಿತು.

"ಒಸಿ ತಡೀರಿ ಸಾಬ್ರೇ," ಎಂದು ಕೂಗಿದ.

ಒಳಗೆ ಬಂದು ಜೇಬಿನಿಂದ ಎಲೆಗಳನ್ನು ತೆಗೆದು ಮೇಡಂ ಅವರ ಮೇಜಿನ ಮೇಲಿಟ್ಟ. "ದಿನಾ ಸೊಪ್ಪು ಹಾಕ್ತಿದ್ದೆ ಮೇಡಂ. ಇದೊಂದ್ಕೇಯ."

ಸಿರಿ ಮೇಡಂ ಎಲೆಗಳನ್ನೇ ನೋಡಿದರು. ಮುಖ ಕೆಂಪಗಾಯಿತು. "ಯಾಕೆ?"

"ಉಣ್ಣೋವಾಗ ನೋಡ್ತಿತ್ತು."

ಬಾಗಿಲಿಗೆ ಬಂದಿದ್ದ ವಾಸಿಂ ಸ್ಕೂಟರಿನ ಕೀಲಿ ಜೇಬಿಗೆ ಹಾಕಿಕೊಂಡ. ಮೇಡಂ ಹಣೆಗೆ ಕೈ ಹಚ್ಚಿ ಕೂತರು. "ಇಷ್ಟು ದಿನದ ಕೆಲಸ ಮಣ್ಣುಪಾಲು. ಹೊಸ ಇಲಿ ತರಬೇಕು, ಮೊದಲಿಂದ ಶುರು ಮಾಡಬೇಕು. ಇದಕ್ಕೂ ಅಷ್ಟೆ, ನಾಳೆಯಿಂದ ಸೊಪ್ಪಿಲ್ಲದೆ ಬರೀ ವಿಷದ ಕಾಳು." ಆಮೇಲೆ ದನಿ ತಗ್ಗಿಸಿದರು. "ನಿಮ್ಮನ್ನ ಗೋಡೌನ್ ಕೆಲಸಕ್ಕೆ ಹಾಕ್ತೀನಿ. ಇಲ್ಲಿ ಕಾಳು ಬೇರೆಯವರು ಇಡಲಿ."

"ಬ್ಯಾಡ ಮೇಡಂ," ಎಂದ ದಾಸಪ್ಪ. "ಬೇರೇರ್ನ ಕಂಡ್ರೆ ಅದು ಹೆದರ್ಕತದೆ."

ಮಾರನೆಯ ಬೆಳಿಗ್ಗೆ ಅವನೇ ಬಟ್ಟಲು ಒಳಗಿಟ್ಟು ಪಂಜರದ ಬಾಗಿಲು ಹಾಕಿದ. ಇಲಿ ಅವನ ಬೆರಳು ಮೂಸಿತು, ಇನ್ನೇನಾದರೂ ಇದೆಯೋ ಎಂಬಂತೆ ಅಂಗೈಯನ್ನೂ ಮೂಸಿತು. ಆಮೇಲೆ ಬಟ್ಟಲಿಗೆ ಬಾಯಿ ಹಾಕಿತು. ಖಾಲಿ ಪಂಜರಗಳ ಸಾಲಿನಲ್ಲಿ ಕಾಳು ಕಡಿಯುವ ಸಣ್ಣ ಸದ್ದೊಂದೇ ಕೇಳುತ್ತಿತ್ತು. ತಿಂದಾದ ಮೇಲೆ ಅದು ಹಿಂಗಾಲ ಮೇಲೆ ಕೂತು, ಎರಡೂ ಕೈಗಳಿಂದ ಮೂತಿ, ಮೀಸೆ, ಕಿವಿಯ ಹಿಂದೆಲ್ಲ ನಿಧಾನವಾಗಿ ಒರೆಸಿಕೊಂಡಿತು. ಅದು ಮುಗಿಯುವ ತನಕ ದಾಸಪ್ಪ ಅಲ್ಲೇ ನಿಂತಿದ್ದ.