ಏನು ನೋಡಿ ಹಾಗಂದೆ?

ಎಂಟು ಜನ ಶಿಕ್ಷಕರು ಐದನೇ ತರಗತಿಯ ಹಿಂದಿನ ಬೆಂಚುಗಳಲ್ಲಿ ಮೊಣಕಾಲು ಮಡಚಿಕೊಂಡು ಕೂತಿದ್ದರು. ಸಮಾಜ ಪಾಠದ ಟೀಚರ್ ಗೋಡೆಗೆ ಚಿತ್ರ ಅಂಟಿಸಿದರು. ಚಿತ್ರ ತೋರಿಸಿ ಮಕ್ಕಳನ್ನು ಮಾತಾಡಿಸುವ ಅವರ ಕ್ರಮವನ್ನು ಉಳಿದವರೂ ಕಲಿಯಬೇಕೋ, ಅದನ್ನೇ ನಿಲ್ಲಿಸಬೇಕೋ ಎಂದು ಅವರ ಜೊತೆಯಲ್ಲೇ ಪೆನ್ನು ಹಿಡಿದು ಕೂತಿದ್ದ ಹೆಡ್‌ಮೇಡಂ ಇವತ್ತೇ ತೀರ್ಮಾನಿಸುವವರಿದ್ದರು.

“ಪರೀಕ್ಷೆಗೆ ಆರು ವಾರ ಇದೆ. ನಾವು ಬೊಂಬೆ ನೋಡ್ತಾ ಕೂತ್ಕೊಳ್ಳೋಣ,” ಎಂದರು ಗಣಿತದ ಮೇಷ್ಟ್ರು, ಎಲ್ಲರಿಗೂ ಕೇಳಿಸುವಂತೆ. ಇಪ್ಪತ್ತಾರು ವರ್ಷದ ಸರ್ವಿಸು. ಅವರಿಗೆ ಎದುರಾಡುವವರಿರಲಿಲ್ಲ.

ಚಿತ್ರದಲ್ಲಿ ಒಬ್ಬ ಹೆಂಗಸು ಗಂಟು ಹಿಡಿದು ಬಾಗಿಲ ಹೊರಗೆ ನಿಂತಿದ್ದಳು.

“ಇಲ್ಲಿ ಏನು ನಡೀತಿದೆ?” ಟೀಚರ್ ಕೇಳಿದರು.

“ಊರಿಗೆ ಹೊರಟಿದ್ದಾಳೆ ಟೀಚರ್,” ಎಂದ ಮುಂದಿನ ಬೆಂಚಿನವನೊಬ್ಬ.

“ಏನು ನೋಡಿ ಹಾಗಂದೆ?”

“ಗಂಟು ಇದೆಯಲ್ಲ.”

ಟೀಚರ್ ಉಳಿದ ಮಕ್ಕಳ ಕಡೆ ನೋಡಿದರು. ಇಷ್ಟು ಜನರ ಮುಂದೆ ಮಕ್ಕಳ ಬಾಯಿ ಕಟ್ಟಿತ್ತು. ಮೇಷ್ಟ್ರು ಗಡಿಯಾರ ನೋಡಿಕೊಂಡರು. ಉತ್ತರ ತಾವೇ ಹೇಳಿಬಿಡೋಣ ಎಂದು ಟೀಚರಿಗೆ ನಾಲಿಗೆ ತುದಿಯವರೆಗೆ ಬಂತು. ತುಟಿ ಕಚ್ಚಿ ಕಾದರು.

ಕಿಟಕಿ ಪಕ್ಕದ ಹುಡುಗಿ ಎದ್ದಳು. ರಾಜ್ಯದ ಗಡಿಯಾಚೆಯಿಂದ ಬಂದ ಕಟ್ಟಡ ಕೆಲಸದವರ ಮಗಳು. ಶಾಲೆಗೆ ಸೇರಿ ನಾಲ್ಕು ತಿಂಗಳಾದರೂ ಹಾಜರಿ ಹೇಳುವುದಕ್ಕೆ ಬಿಟ್ಟರೆ ಬಾಯಿ ತೆರೆದವಳಲ್ಲ.

“ನಿಮ್ಮ ಮನೆ ಮಾತಲ್ಲೇ ಹೇಳಮ್ಮ,” ಎಂದರು ಟೀಚರ್.

ಅವಳು ಒಂದೇ ಉಸಿರಿಗೆ ಹೇಳಿದಳು. ಟೀಚರಿಗೆ ಒಂದಕ್ಷರವೂ ತಿಳಿಯಲಿಲ್ಲ. ಮಕ್ಕಳು ಕಿಸಕ್ಕೆಂದರು. ಹೆಡ್‌ಮೇಡಂ ಇನ್ನು ಸಾಕೆಂಬಂತೆ ಪೆನ್ನಿನ ಮುಚ್ಚಳ ಹಾಕಿದರು.

“ನಗಬೇಡಿ.”

ಗಣಿತದ ಮೇಷ್ಟ್ರ ದನಿ. ಅವರು ಎದ್ದು ನಿಂತಿದ್ದರು. “ಈ ಹೆಂಗಸು ಹೊರಟಿಲ್ಲ, ಇವಳನ್ನ ಆಚೆ ಹಾಕಿದಾರೆ ಅಂತಿದಾಳೆ. ಕಾಲಲ್ಲಿ ಚಪ್ಪಲಿ ಇಲ್ಲ, ಒಳಗೇ ಉಳಿದಿದೆ ಅಂತೆ.”

ಎಲ್ಲರೂ ಚಿತ್ರದತ್ತ ಬಾಗಿದರು. ಹೊಸ್ತಿಲ ಒಳಗೆ, ನೆರಳಲ್ಲಿ, ಒಂದು ಜೊತೆ ಚಪ್ಪಲಿ. ಟೀಚರೇ ಅದನ್ನು ಗಮನಿಸಿರಲಿಲ್ಲ.

“ನಿಮಗೆ ಆ ಭಾಷೆ ಬರುತ್ತಾ ಸರ್?” ಟೀಚರ್ ಕೇಳಿದರು.

“ನಮ್ಮಮ್ಮನ ಮಾತು.” ಮೇಷ್ಟ್ರು ಬೆಂಚಿನ ಅಂಚು ಬಿಗಿಯಾಗಿ ಹಿಡಿದಿದ್ದರು. “ಚಿಕ್ಕವನಿದ್ದಾಗ ಶಾಲೇಲಿ ಅದನ್ನ ಆಡಿದ್ದಕ್ಕೆ ಏಟು ಬಿತ್ತು. ಬಿಟ್ಟುಬಿಟ್ಟೆ. ಇಲ್ಲಿ ಯಾರಿಗೂ ಹೇಳಿರಲಿಲ್ಲ.”

ಹುಡುಗಿ ಅವರನ್ನೇನೋ ಕೇಳಿದಳು. ಅವರು ತಡವರಿಸುತ್ತ ಉತ್ತರ ಕೊಟ್ಟರು. ಒಂದು ಪದ ತಪ್ಪಿರಬೇಕು, ಅವಳು ತಿದ್ದಿದಳು. ಅವರು ಮರುಮಾತಿಲ್ಲದೆ ತಿದ್ದಿಕೊಂಡರು.

“ಸೋಮವಾರದಿಂದ ಎಲ್ಲ ತರಗತೀಲೂ ವಾರಕ್ಕೊಂದು ಪೀರಿಯಡ್ ಇದಕ್ಕೆ,” ಎಂದರು ಹೆಡ್‌ಮೇಡಂ.

ಮೇಷ್ಟ್ರು ಕೆಮ್ಮಿ, ಟೀಚರ ಕಡೆ ತಿರುಗಿದರು. “ಭಿನ್ನರಾಶಿಗೂ ಹೀಗೆ ಚಿತ್ರ ಹಾಕಬಹುದಾ?”

“ಹಾಕೋಣ ಸರ್. ಇಬ್ಬರೂ ಕೂತು ಮಾಡೋಣ.”

ಹುಡುಗಿ ಇನ್ನೂ ನಿಂತೇ ಇದ್ದಳು. ಅವಳಿಗೆ ಕೂರಲು ಹೇಳುವುದನ್ನೇ ಎಲ್ಲರೂ ಮರೆತಿದ್ದರು.