ಕಕ್ಕಸಿನ ಬೀಗ

"ಇದು ಧರ್ಮದ ಮನೆ ಕಣೇ, ನಿಮ್ಮಪ್ಪನ ಕೊಟ್ಟಿಗೆ ಅಲ್ಲ. ಕಟ್ಕೊ ಗಂಟು, ನಡಿ ಆಚೆ."

ವಾರ್ಡನ್ನಮ್ಮ ಸಾಲಿನ ಮೊದಲ ಹಾಸಿಗೆಯನ್ನು ಮೂಸಿ ಕಾಲಿನಿಂದ ಒದ್ದಳು. ಬಾಣಂತಿಯೊಬ್ಬಳು ಕೂಸನ್ನು ಅವುಚಿಕೊಂಡು ಹೊರಟಳು. ಮನೆಯಿಲ್ಲದ ತಾಯಿ-ಮಕ್ಕಳಿಗೆಂದು ಸಂಘದವರು ನಡೆಸುವ ಆಸರೆ ಅದು. ಬೆಳಿಗ್ಗೆ ಹಾಸಿಗೆ ಮೂಸುವುದು, ಒದ್ದೆಯಿದ್ದರೆ ಅಟ್ಟುವುದು ಅಲ್ಲಿಯ ಕಟ್ಟಳೆ. ಹಾಸಿಗೆಗಿದ್ದ ಮರ್ಯಾದೆ ಅದರ ಮೇಲೆ ಮಲಗುವವರಿಗಿರಲಿಲ್ಲ.

ಸಾಲಿನ ಕೊನೆಯಲ್ಲಿ, ಮನೆಮನೆಯ ಬಟ್ಟೆ ಒಗೆದು ಬದುಕುವ ಹೆಂಗಸೊಬ್ಬಳು ಮಗಳನ್ನು ಹತ್ತಿರಕ್ಕೆಳೆದುಕೊಂಡಳು. ನಿನ್ನೆ ಇವಳ ಕೈಯಲ್ಲೇ ಕಕ್ಕಸು ತಿಕ್ಕಿಸಿ ವಾರ್ಡನ್ನಮ್ಮ ಬೀಗ ಜಡಿದಿದ್ದಳು. ಇವತ್ತು ದಾನಿಗಳು ಬರುತ್ತಾರೆ, ಅದು ಫಳಫಳ ಹೊಳೆಯಬೇಕು. ಹೊರಬಾಗಿಲಿಗೆ ರಾತ್ರಿ ಹೇಗೂ ಬೀಗ. "ಬೆಳಗಾಗೋವರೆಗೂ ಬಿಗಿ ಹಿಡ್ಕೊ, ಬಂಗಾರ" ಎಂದು ಮಗಳಿಗೆ ಹೇಳಿದ್ದಳು. ಐದು ವರ್ಷದ ಕೂಸು ಎಷ್ಟು ಹಿಡಿದೀತು? ಬಸ್ ನಿಲ್ದಾಣದಲ್ಲಿ ಮಲಗಿದ್ದಾಗ ಯಾವನೋ ಕಾಲು ಹಿಡಿದು ಎಳೆದ ಮೇಲೆ ಅದಕ್ಕೆ ನಿದ್ದೆಯಲ್ಲೂ ಭಯ. ಇಲ್ಲಿಂದ ಅಟ್ಟಿದರೆ ಮತ್ತೆ ಅಲ್ಲಿಗೇ ಹೋಗಬೇಕು.

ಎಲ್ಲರಿಗಿಂತ ಮೊದಲೇ ಎದ್ದು ಒದ್ದೆ ಹಾಸಿಗೆ ಮಗುಚಿ, ಒಗೆಯುವ ಸೋಪಿನ ಚೂರು ಉಜ್ಜಿ, ಒಣ ಸೀರೆ ಹಾಸಿದ್ದಳು.

ವಾರ್ಡನ್ನಮ್ಮ ಬಗ್ಗಿದಳು. ಮೂಸಿದಳು. "ನೋಡ್ರೇ, ಹಾಸಿಗೆ ಅಂದ್ರೆ ಹಿಂಗಿಟ್ಕೋಬೇಕು. ನೀವೂ ಇದೀರಾ, ಹಂದಿಗಳು."

ಇವಳಿಗೆ ಹೋದ ಜೀವ ಬಂತು. ಆದರೆ ಹೊಗಳಿಕೆಯೇ ಮುಳುವಾಯಿತು. ಕ್ಯಾಮೆರಾದವನೊಂದಿಗೆ ದಾನಿಯಮ್ಮ ಬಂದಾಗ ವಾರ್ಡನ್ನಮ್ಮ ನೆಟ್ಟಗೆ ಇವಳ ಹತ್ತಿರವೇ ಕರೆತಂದಳು. "ಇಲ್ಲೇ ಕೂತ್ಕೊಳ್ಳಿ ಮೇಡಂ, ಬಹಳ ಕ್ಲೀನು."

"ಬೇಡಮ್ಮ, ಕುರ್ಚಿ ತರ್ತೀನಿ..."

"ಬಾಯ್ಮುಚ್ಚೇ."

ದಾನಿಯಮ್ಮ ಕೂತಳು. ಹುಡುಗಿಯನ್ನು ತೊಡೆಯ ಮೇಲೆ ಎಳೆದುಕೊಂಡು ನಕ್ಕಳು. ಫೋಟೋ ಆಯಿತು. ನಗು ಮೆಲ್ಲಗೆ ಮುದುಡಿತು. ಎದ್ದು ನಿಂತಾಗ ಅವಳ ಬಿಳಿ ಸೀರೆಯ ಹಿಂಭಾಗ ಹಳದಿಯಾಗಿತ್ತು.

"ಹಲ್ಕಾ ಮುಂಡೇದೆ." ವಾರ್ಡನ್ನಮ್ಮ ಹುಡುಗಿಯ ಕಿವಿ ಹಿಂಡಿದಳು. "ಬನ್ನಿ ಮೇಡಂ, ತೊಳ್ಕೊಳ್ಳಿ. ನೀನು, ನಾನು ಬರೋದ್ರೊಳಗೆ ಗಂಟು ಕಟ್ಟಿರ್ಬೇಕು."

ಸೊಂಟದ ಬೀಗದಕೈ ತೆಗೆದು ಕಕ್ಕಸಿನ ಬಾಗಿಲು ತೆರೆದಳು. ರಾತ್ರಿಯೆಲ್ಲ ತೆರೆಯದ ಬಾಗಿಲು ಸೀರೆಯ ಕಲೆಗೆ ತೆರೆದುಕೊಂಡಿತು.

ಗಂಟು ಕಟ್ಟಲೆಂದೇ ಇವಳು ಬಗ್ಗಿದ್ದು. ಬಟ್ಟೆ ಅರ್ಧ ಸುತ್ತಿದ್ದಳು. ಅದನ್ನು ಬಿಟ್ಟು ಮಗಳ ಕೈ ಹಿಡಿದಳು. ವಾರ್ಡನ್ನಮ್ಮ, ದಾನಿಯಮ್ಮನ ನಡುವೆ ನುಗ್ಗಿ ಕಕ್ಕಸಿನೊಳಗೆ ಕಾಲಿಟ್ಟಳು.

"ಮೊದ್ಲು ನನ್ನ ಮಗಳು."

ಒಳಗಿನಿಂದ ಚಿಲಕ ಹಾಕಿದಳು.

"ತೆಗಿಯೇ ಬೋಸುಡಿ, ಪೊಲೀಸ್ ಕರೀತೀನಿ." ಬಾಗಿಲು ಧಡಧಡ ಅಂದಿತು. ಇವಳು ಅದಕ್ಕೆ ಬೆನ್ನು ಕೊಟ್ಟು ನಿಂತಳು. ಮಗಳು ಲಂಗ ಎತ್ತಿ ಕೂತು ತಾಯಿಯ ಮುಖವನ್ನೇ ನೋಡಿದಳು.

"ಅಮ್ಮಾ, ಬರ್ತಿಲ್ಲ."

"ಬರುತ್ತೆ. ಬರೋವರೆಗೂ ಕೂತ್ಕೊ."