ಕಡಸಿನ ಪ್ರಶ್ನೆ

ಲಾಸ್ಯಾ ಮದುವೆಯಾಗಿದ್ದು ತನ್ನ ಸೋದರಮಾವನನ್ನು, ಅಂದರೆ ತಾಯಿ ಗೌರಮ್ಮನ ಒಡಹುಟ್ಟಿದ ತಮ್ಮ ನಾಗಾರ್ಜುನನನ್ನು. ಮಂಡ್ಯದ ಕಡೆ ಇದೊಂದು ಸುದ್ದಿಯೇ ಅಲ್ಲ. ಸ್ಯಾನ್ ಹೊಸೆಯ ಕನ್ನಡದವರ ಮನೆಗಳಲ್ಲೂ ಅವಳು ಗಂಡನನ್ನು "ಮಾವ" ಎಂದು ಕರೆದರೆ ಯಾರೂ ಹುಬ್ಬೇರಿಸುವುದಿಲ್ಲ. ಹೆಚ್ಚೆಂದರೆ, "ಅಜ್ಜಿನೇ ಅತ್ತೆ ಆಗ್ಬಿಟ್ರೆ ಯಾರ ಹತ್ರ ಹೋಗಿ ದೂರು ಹೇಳ್ತೀಯಮ್ಮ?" ಎಂದು ಕಾಲೆಳೆಯುತ್ತಾರೆ, ಅಷ್ಟೆ. ಹೇಳಬಾರದ್ದು ಅಮೆರಿಕದವರಿಗೆ ಮಾತ್ರ. ಅದು ನಾಗಾರ್ಜುನನ ಕಟ್ಟಪ್ಪಣೆ. ಮದುವೆಯಾದ ಹೊಸದರಲ್ಲಿ ಅವನ ಆಫೀಸಿನಲ್ಲಿ ಊಟದ ಹೊತ್ತಿಗೆ ಯಾವನೋ ಒಬ್ಬ, ಸಂಬಂಧದೊಳಗೇ ಮದುವೆಯಾಗುವವರ ಮೇಲೆ ಒಂದು ಹೊಲಸು ಜೋಕು ಹೇಳಿದ್ದನಂತೆ. ಟೇಬಲ್ಲಿನವರೆಲ್ಲ ಬಿದ್ದು ಬಿದ್ದು ನಕ್ಕರಂತೆ. ಇವನೂ ನಕ್ಕನಂತೆ. ಮನೆಗೆ ಬಂದವನು ಅವತ್ತು ಮುದ್ದೆ ಮುಟ್ಟಲಿಲ್ಲ.

ಅವರ ಮಗಳು ನಿಸರ್ಗಾ ಎರಡೂವರೆ ವರ್ಷಕ್ಕೆ ತುದಿಗಾಲಿನಲ್ಲಿ ನಡೆಯತೊಡಗಿದಳು. ಆಮೇಲೆ ಎಡವತೊಡಗಿದಳು, ಆಮೇಲೆ ಗೋಡೆ ಹಿಡಿದಳು. ಸ್ಯಾನ್ ಹೊಸೆಯಾಚೆ ಗಿಲ್‌ರಾಯ್ ಊರಿನ ಮನೆಯಿಂದ ಒಂದು ಗಂಟೆ ಕಾರು ಓಡಿಸಿಕೊಂಡು ಹೋಗಿ ಮಕ್ಕಳ ನರರೋಗದ ಡಾಕ್ಟರನ್ನು ಮೊದಲ ಸಲ ಕಂಡ ದಿನ, ಕಾಯುವ ಕೋಣೆಯಲ್ಲಿ ಕೈಗೊಂದು ಟ್ಯಾಬ್ಲೆಟ್ ಕೊಟ್ಟರು. ಹೆಸರು, ಹುಟ್ಟಿದ ದಿನ, ಅಲರ್ಜಿ ಎಲ್ಲ ಮುಗಿದ ಮೇಲೆ ಒಂದು ಪ್ರಶ್ನೆ ಬಂತು: ಮಗುವಿನ ತಂದೆತಾಯಿ ರಕ್ತಸಂಬಂಧಿಗಳೇ? ನಾಗಾರ್ಜುನ ಅರೆಕ್ಷಣವೂ ತಡೆಯದೆ "ಇಲ್ಲ" ಒತ್ತಿದ. ಲಾಸ್ಯಾ ಪಕ್ಕದಲ್ಲೇ ಕೂತು ನೋಡಿದಳು, ಬಾಯಿ ಬಿಡಲಿಲ್ಲ. ಇದನ್ನು ಅವನೊಬ್ಬನ ತಲೆಗೆ ಕಟ್ಟುವುದು ನ್ಯಾಯವಲ್ಲ.

ಆ "ಇಲ್ಲ"ವನ್ನು ನಂಬಿ ಡಾಕ್ಟರು ಒಂದೂಕಾಲು ವರ್ಷ ಬೇರೆಲ್ಲೋ ಹುಡುಕಿದರು. ಸೋಂಕಿರಬಹುದು ಎಂದರು, ನರಗಳಿಗೆ ಬಾವು ಬಂದಿರಬಹುದು ಎಂದರು. ಮೊದಲ ಸ್ಕ್ಯಾನಿನಲ್ಲಿ ಏನೂ ಖಚಿತವಾಗಲಿಲ್ಲ. ಔಷಧಿ ಬದಲಾದವು, ಕಾಲಿಗೆ ಪ್ಲಾಸ್ಟಿಕ್ಕಿನ ಪಟ್ಟಿ ಬಂತು. ಅಷ್ಟರಲ್ಲಿ ಮಗು ಕೂತಲ್ಲೇ ಕೂತಿತು. ಕಲಿತ ಮಾತುಗಳೂ ಒಂದೊಂದಾಗಿ ಹೋಗತೊಡಗಿದವು. "ಅಮ್ಮ" ಉಳಿಯಿತು, "ವಾಟರ್" ಉಳಿಯಿತು.

ಲಾಸ್ಯಾ ದಡ್ಡಿಯಲ್ಲ. ಮೈಸೂರಿನಲ್ಲಿ ಬಿಎಸ್ಸಿ ಮಾಡಿ ಒಂದು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡಿದವಳು. ಅನುಮಾನ ಅವಳ ತಲೆಯನ್ನು ಯಾವತ್ತೋ ಹೊಕ್ಕಿತ್ತು. ಮಾರ್ಚಿನಲ್ಲಿ ಒಂದು ದಿನ ತಾಯಿಗೆ ಫೋನ್ ಮಾಡಿದಾಗ ಬೇಕೆಂದೇ ಮಾತು ತೆಗೆದಳು.

"ಅವ್ವ, ನಮ್ಮನೇಲಿ ಹಿಂಗೆ ನಡಿಯಕ್ಕಾಗದೆ ಇದ್ದ ಮಕ್ಕಳು ಯಾರಾದ್ರೂ ಇದ್ರಾ?"

ಗೌರಮ್ಮ ಟೀವಿಯ ಸದ್ದು ತಗ್ಗಿಸಿದಳು. "ನನ್ನ ಬೆನ್ನಿಗೆ ಬಿದ್ದೋವು ಎರಡು ಇದ್ವು ಕಣವ್ವ. ನಿನ್ನ ಗಂಡನಿಗಿಂತ ಮೊದಲು. ಚೆನ್ನಾಗೇ ಓಡಾಡ್ತಿದ್ವು, ಆಮೇಲೆ ಸೊಂಟ ಬಿದ್ದೋಯ್ತು. ಗಾಳಿ ಸೋಕಿತ್ತು ಅಂದ್ರು. ಅದನ್ನೆಲ್ಲ ಈಗ್ಯಾಕೆ ಕೆದಕ್ತೀಯ, ಹೋದೋವು ಹೋದೋವು."

ಫೋನಿಟ್ಟು ಲಾಸ್ಯಾ ಕಿಟಕಿಗೆ ಬಂದಳು. ಅಂಗಳದಲ್ಲಿ ನಿಸರ್ಗಾಳ ತಮ್ಮ ಕುಶಲ್, ಒಂದು ವರ್ಷ ಎಂಟು ತಿಂಗಳಿನವನು, ಪಾರಿವಾಳ ಅಟ್ಟಿಸಿಕೊಂಡು ಓಡುತ್ತಿದ್ದ. ಅವಳು ಅವನ ಕಾಲನ್ನೇ ನೋಡುತ್ತ ನಿಂತಳು.

ಯಾರನ್ನು ಕೇಳುವುದು? ಡಾಕ್ಟರನ್ನು ಕೇಳಿದರೆ ಹೇಳಿದ ಸುಳ್ಳು ಹೊರಗೆ ಬರುತ್ತದೆ. ಕನ್ನಡದವರನ್ನು ಕೇಳಿದರೆ ಸಂಜೆಯೊಳಗೆ ಊರೆಲ್ಲ ಸುದ್ದಿ. ಉಳಿದವರು ಗುರುತು ಪರಿಚಯವಿಲ್ಲದವರು. ವಿಕಾಸವಾದದ ಬಗ್ಗೆ ಜನ ಪ್ರಶ್ನೆ ಕೇಳುವ, ಬಲ್ಲವರು ಪುಕ್ಕಟೆಯಾಗಿ ಉತ್ತರ ಕೊಡುವ ಒಂದು ಸೈಟು ಇತ್ತು. ಜಿರಾಫೆಯ ಕತ್ತು ಯಾಕೆ ಉದ್ದ, ಮನುಷ್ಯನ ಬಾಲ ಎಲ್ಲಿ ಹೋಯಿತು ಎಂದು ಕೇಳುವವರ ನಡುವೆ ಲಾಸ್ಯಾ ಸುಳ್ಳು ಹೆಸರಿನಲ್ಲಿ ತನ್ನ ಪ್ರಶ್ನೆ ಹಾಕಿದಳು. ಎಳವೆಯಲ್ಲೇ ಕೊಲ್ಲುವ ದೋಷ ಇಷ್ಟು ಸಾವಿರ ವರ್ಷಗಳಲ್ಲಿ ಅಳಿದುಹೋಗದೆ ಹೇಗೆ ಉಳಿಯಿತು? ನನ್ನ ಬಳಿ ಒಂದು ಹೋರಿ ಇದೆ, ಅದನ್ನು ಅದರ ಒಡಹುಟ್ಟಿದ ಹಸುವಿನ ಕಡಸಿನ ಜೊತೆ ಕೂಡಿಸಿದ್ದೇನೆ. ಮೊದಲ ಕರು ನಡೆಯುತ್ತಿದ್ದದ್ದು ಈಗ ನಿಲ್ಲಲಾರದು. ಎರಡನೆಯ ಕರುವಿಗೂ ಹೀಗಾಗುತ್ತದೆಯೇ?

ಬರೆದು ಮುಗಿಸಿ ಓದಿಕೊಂಡಾಗ ಅವಳಿಗೆ ಮೈಯೆಲ್ಲ ಹೇಸಿಗೆಯಾಯಿತು. ತನ್ನನ್ನು ತಾನೇ ಕೊಟ್ಟಿಗೆಗೆ ಕಟ್ಟಿದ ಹಾಗಾಗಿತ್ತು. ಆದರೂ ಕಳಿಸಿದಳು.

ಮಾರನೆಯ ದಿನ ಮಧ್ಯಾಹ್ನ ಮಕ್ಕಳು ಮಲಗಿದ್ದಾಗ ನೋಡಿದರೆ ಉತ್ತರ ಬಂದಿತ್ತು. ಬರೆದವರ ಹೆಸರು ಬಾರ್ನ್‌ಔಲ್ ಎಂದಿತ್ತು. ಗಂಡೋ ಹೆಣ್ಣೋ, ಯಾವ ದೇಶವೋ ತಿಳಿಯದು. ನಿಧಾನವಾಗಿ, ಮೇಷ್ಟರ ಹಾಗೆ ಬಿಡಿಸಿ ಹೇಳಿದ್ದರು. ಅಂಥ ದೋಷ ಒಂಟಿಯಾಗಿದ್ದಾಗ ಯಾರಿಗೂ ಏನೂ ಮಾಡದೆ ತಲೆಮಾರುಗಟ್ಟಲೆ ಅಡಗಿ ಕೂತಿರುತ್ತದೆ, ಅದಕ್ಕೇ ಅಳಿಯುವುದಿಲ್ಲ. ತಂದೆಯಿಂದೊಂದು ತಾಯಿಯಿಂದೊಂದು ಬಂದು ಸೇರಿದಾಗ ಮಾತ್ರ ಎದ್ದು ಕಾಣುತ್ತದೆ. ಒಂದೇ ಮನೆತನದೊಳಗೆ ಕೂಡಿಸಿದರೆ ಎರಡು ಸೇರುವ ಸಂಭವ ಹೆಚ್ಚು. ಹಾಗೆ ಎಲ್ಲರಿಗೂ ಆಗುತ್ತದೆಂದಲ್ಲ, ಬಹಳಷ್ಟು ಮರಿಗಳು ಚೆನ್ನಾಗೇ ಇರುತ್ತವೆ. ಆದರೆ ಒಂದಕ್ಕೆ ಬಂತೆಂದರೆ ಮುಂದಿನ ಪ್ರತಿಯೊಂದಕ್ಕೂ ನಾಲ್ಕರಲ್ಲಿ ಒಂದು ಪಾಲು ಅಪಾಯ ಇದ್ದೇ ಇರುತ್ತದೆ.

ಕೊನೆಯಲ್ಲಿ ಒಂದು ಸಾಲು ಬಿಟ್ಟು ಹೀಗೆ ಬರೆದಿದ್ದರು: "ಹಸು ಸಾಕುವವರು ಹೀಗೆ ಕೇಳುವುದಿಲ್ಲ. ಇದು ಮಗುವಿನ ವಿಷಯವಾಗಿದ್ದರೆ ನಾಚಿಕೆ ಬೇಡ, ಇವತ್ತೇ ಡಾಕ್ಟರಿಗೆ ನಿಜ ಹೇಳಿ. ಇಂಥ ಕೆಲವು ಕಾಯಿಲೆಗಳಿಗೆ ಈಗ ಚಿಕಿತ್ಸೆ ಇದೆ, ಆದರೆ ಲಕ್ಷಣ ಕಾಣಿಸುವ ಮೊದಲೇ ಕೊಡಬೇಕು. ದೊಡ್ಡ ಮಗುವಿಗೆ ಹೊತ್ತು ಮೀರಿರಬಹುದು. ಚಿಕ್ಕದಕ್ಕೆ ಮೀರಿಲ್ಲ."

ಸಂಜೆ ನಾಗಾರ್ಜುನ ಬಂದ. ಬೆರ್ರಿಯೆಸಾ ಸ್ಟೇಷನ್ನಿಗೆ ಟ್ರೇನಿನಲ್ಲಿ ಬಂದು, ಅಲ್ಲಿಂದ ಕಾರು ಓಡಿಸಿಕೊಂಡು ಮನೆ ಸೇರುವಷ್ಟರಲ್ಲಿ ಅವನ ಮುಖ ದಿನಾ ಬಾಡಿರುತ್ತಿತ್ತು. ಅವಳು ಫೋನನ್ನು ಅವನ ಕೈಗೆ ಕೊಟ್ಟಳು. ಅವನು ನಿಂತೇ ಓದಿದ. ಕಿವಿಯವರೆಗೆ ಕೆಂಪಾದ.

"ಕಡಸು ಅಂತ ಬರ್ದಿದೀಯಲ್ಲ ಲಾಸ್ಯಾ."

"ಇನ್ನೇನಂತ ಬರೀಲಿ ಮಾವ? ನಾಳೆ ಡಾಕ್ಟ್ರಿಗೆ ಫೋನ್ ಮಾಡಿ ಹೇಳ್ಬಿಡೋಣ. ಕುಶಲ್‌ಗೆ ಟೆಸ್ಟ್ ಮಾಡಿಸ್ಬೇಕು."

ನಾಗಾರ್ಜುನ ಬೇಡ ಎನ್ನಲಿಲ್ಲ. ಬೇಡ ಎಂದಿದ್ದರೆ ಅವಳು ಜಗಳವಾಡುತ್ತಿದ್ದಳೇನೋ. ಅವನು ಹೇಳಿದ್ದು "ಜುಲೈ ಆಗ್ಲಿ" ಎಂದು. ಜುಲೈಯಲ್ಲಿ ಅವರ ಗ್ರೀನ್ ಕಾರ್ಡಿನ ಇಂಟರ್‌ವ್ಯೂ ಇತ್ತು, ಹನ್ನೊಂದು ವರ್ಷ ಕಾದ ಮೇಲೆ ಬಂದದ್ದು. ಅವನೂ ಅಪರಿಚಿತರನ್ನು ಕೇಳಿದ್ದ ಎಂಬುದು ಅವಳಿಗೆ ಗೊತ್ತಾದದ್ದು ಆವಾಗಲೇ. ಪ್ರಯಾಣ ಮತ್ತು ವೀಸಾ ಪ್ರಶ್ನೆಗಳ ಇನ್ನೊಂದು ಸೈಟಿನಲ್ಲಿ, ಅವನದೂ ಸುಳ್ಳು ಹೆಸರೇ, "ನನ್ನ ಗೆಳೆಯನೊಬ್ಬ ಅಕ್ಕನ ಮಗಳನ್ನು ಮದುವೆಯಾಗಿದ್ದಾನೆ, ಊರಿಗೆ ಹೋಗಿ ವಾಪಸು ಬರುವಾಗ ತೊಂದರೆಯಾಗುತ್ತದೆಯೇ" ಎಂದು ಎರಡು ವರ್ಷದ ಹಿಂದೆ ಕೇಳಿದ್ದ. ಮೂವರು ಉತ್ತರಿಸಿದ್ದರು. ಒಬ್ಬ, ಈ ರಾಜ್ಯದಲ್ಲಿ ಅಂಥ ಮದುವೆ ಮದುವೆಯೇ ಅಲ್ಲ, ನಿನ್ನ ಗೆಳೆಯ ಜೈಲಿಗೂ ಹೋಗಬಹುದು ಎಂದಿದ್ದ. ಇನ್ನೊಬ್ಬ, ನಿಮ್ಮ ದೇಶದಲ್ಲಿ ಸರಿಯಾಗಿ ಆಗಿದ್ದರೆ ಇಲ್ಲಿ ಯಾರೂ ಕೇಳುವುದಿಲ್ಲ ಎಂದಿದ್ದ. ಮೂರನೆಯವಳು, ಒಬ್ಬ ಲಾಯರನ್ನು ನೋಡಿ ಎಂದಿದ್ದಳು. ಮೂರರಲ್ಲಿ ನಾಗಾರ್ಜುನ ನಂಬಿದ್ದು ಮೊದಲನೆಯವನನ್ನು. ಹೆದರಿದವನಿಗೆ ಹೆದರಿಸುವವನ ಮಾತೇ ನಿಜವೆನಿಸುತ್ತದೆ.

"ಡಾಕ್ಟ್ರು ಕಂಪ್ಯೂಟರ್‌ನಲ್ಲಿ ಬರ್ಕೊತಾರೆ ಕಣೆ. ಅದು ಎಲ್ಲಿಂದೆಲ್ಲಿಗೆ ಹೋಗುತ್ತೋ ಯಾರಿಗ್ಗೊತ್ತು? ಕಾರ್ಡ್ ಇಲ್ದೆ ನನ್ನ ಕೆಲಸ ಹೋದ್ರೆ ಇನ್ಶೂರೆನ್ಸ್ ಹೋಗುತ್ತೆ. ಇನ್ಶೂರೆನ್ಸ್ ಹೋದ್ರೆ ನಿಸರ್ಗಾನ ಯಾರು ನೋಡ್ತಾರೆ? ನಾಲ್ಕು ತಿಂಗಳು. ಕುಶಲ್ ಚೆನ್ನಾಗವ್ನೆ, ನೋಡು, ಕುದುರೆ ಥರ ಓಡ್ತಾವ್ನೆ."

ಓಡುತ್ತಿದ್ದುದು ನಿಜ. ಇವನು ಅವಳನ್ನು ಹೆಗಲ ಮೇಲೆ ಹೊತ್ತು ತಿರುಗಿಸಿದ ಮಾವ, ಅವಳ ಫೀಸು ಕಟ್ಟಿ ಓದಿಸಿದ ಮಾವ. ಅವನ ಮಾತಿಗೆ ಎದುರಾಡಿ ಅವಳಿಗೆ ಅಭ್ಯಾಸವಿರಲಿಲ್ಲ. ಅದಕ್ಕಿಂತ ದೊಡ್ಡ ನಿಜವೆಂದರೆ, ನಾಲ್ಕು ತಿಂಗಳು ಏನೂ ತಿಳಿಯದೆ ಇರಬಹುದು ಎಂದಾಗ ಅವಳಿಗೂ ಒಳಗೊಳಗೇ ಹಾಯೆನಿಸಿತು. ಹೂಂ ಎಂದಳು.

ಪ್ರಶ್ನೆಯನ್ನು ಅಳಿಸಲೇಬೇಕು ಎಂದು ನಾಗಾರ್ಜುನ ಪಟ್ಟು ಹಿಡಿದ. ಅಳಿಸಲು ಹೋದರೆ ಸೈಟು ಬಿಡಲಿಲ್ಲ. ಅವನು ಸಾಫ್ಟ್‌ವೇರಿನವನೇ, ಆದರೂ ಕಂಪ್ಯೂಟರಿನ ಪ್ರಶ್ನೆ ಕೇಳುವ ಮೂರನೆಯ ಸೈಟಿಗೆ ಹೋಗಿ, ಹಾಕಿದ ಪ್ರಶ್ನೆಯನ್ನು ಹೆಜ್ಜೆಗುರುತಿಲ್ಲದಂತೆ ತೆಗೆಯುವುದು ಹೇಗೆ ಎಂದು ಕೇಳಿದ. ಉತ್ತರ ಹತ್ತು ನಿಮಿಷದಲ್ಲಿ ಬಂತು. ಒಳ್ಳೆಯ ಉತ್ತರ ಸಿಕ್ಕ ಪ್ರಶ್ನೆಯನ್ನು ಕೇಳಿದವರು ಅಳಿಸುವಂತಿಲ್ಲ, ಅದು ಮುಂದೆ ಬರುವವರಿಗೆ ಉಪಯೋಗವಾಗಲಿ ಎಂದು ಅಲ್ಲೇ ಇರುತ್ತದೆ.

ಏಪ್ರಿಲ್ ಹೋಯಿತು, ಮೇ ಹೋಯಿತು. ದಿನಾ ಬೆಳಿಗ್ಗೆ ಲಾಸ್ಯಾ ಕುಶಲ್‌ನನ್ನು ಹಜಾರದ ಆ ತುದಿಯಲ್ಲಿ ನಿಲ್ಲಿಸಿ ಈ ತುದಿಯಿಂದ ಕರೆಯುತ್ತಿದ್ದಳು. ಬರುತ್ತಿದ್ದ. ಅವಳು ಉಸಿರು ಬಿಟ್ಟು ದೋಸೆ ಹುಯ್ಯಲು ಹೋಗುತ್ತಿದ್ದಳು. ಜೂನ್ ಮೊದಲ ವಾರ ಒಂದು ದಿನ ಅವನು ಅರ್ಧದಲ್ಲಿ ಮುಗ್ಗರಿಸಿದ. ಚಪ್ಪಲಿ ದೊಡ್ಡದಾಗಿರಬೇಕು ಎಂದುಕೊಂಡು ಅವತ್ತೇ ಔಟ್‌ಲೆಟ್ ಅಂಗಡಿಗೆ ಹೋಗಿ ಅಳತೆಗೆ ಸರಿಯಾದ ಶೂ ತಂದಳು. ಎರಡು ದಿನ ಬಿಟ್ಟು ಮತ್ತೆ ಮುಗ್ಗರಿಸಿದ. ನೆಲ ನುಣುಪು ಎಂದುಕೊಂಡು ಕಾರ್ಪೆಟ್ ಹಾಸಿದಳು. ಆಮೇಲೆ ಬೆಳಿಗ್ಗೆ ಅವನನ್ನು ಆ ತುದಿಯಲ್ಲಿ ನಿಲ್ಲಿಸುವುದನ್ನೇ ಬಿಟ್ಟಳು. ಗಂಡನಿಗೆ ಹೇಳಲಿಲ್ಲ. ಅಯ್ಯೋ, ಓದಿದ ಹೆಣ್ಣು, ಗೊತ್ತಿದ್ದ ಹೆಣ್ಣು, ತನ್ನ ಕಣ್ಣಿಗೆ ತಾನೇ ಬಟ್ಟೆ ಕಟ್ಟಿಕೊಂಡು ಕೂತಳು.

ಜುಲೈಯಲ್ಲಿ ಇಂಟರ್‌ವ್ಯೂ ಹನ್ನೆರಡು ನಿಮಿಷದಲ್ಲಿ ಮುಗಿಯಿತು. ಅಧಿಕಾರಿ ವಿಳಾಸ ಕೇಳಿದ, ಕೆಲಸ ಕೇಳಿದ, ಮದುವೆಯ ಫೋಟೋ ಒಂದನ್ನು ಎತ್ತಿ ನೋಡಿ ಬಾಸಿಂಗ ತೋರಿಸಿ "ಚೆನ್ನಾಗಿದೆ, ಇದೇನು?" ಎಂದು ಕೇಳಿದ. ಇನ್ನೇನೂ ಕೇಳಲಿಲ್ಲ. ಹೊರಗೆ ಪಾರ್ಕಿಂಗಿನಲ್ಲಿ ನಾಗಾರ್ಜುನ ಸ್ಟೀರಿಂಗಿಗೆ ಹಣೆ ಒತ್ತಿ ಅತ್ತ. "ಫೋನ್ ಮಾಡು" ಎಂದ. ಅವಳು ಅಲ್ಲೇ ಕೂತು ಡಾಕ್ಟರ ಆಫೀಸಿಗೆ ಫೋನ್ ಮಾಡಿದಳು.

ಡಾಕ್ಟರು ಮಾರನೆಯ ದಿನವೇ ಬರಹೇಳಿದರು. ನರೆತ ಕೂದಲಿನ, ಮೆತ್ತಗೆ ಮಾತಾಡುವ ಹೆಂಗಸು ಆಕೆ. ಲಾಸ್ಯಾ ಬಾಯಿಪಾಠ ಮಾಡಿಕೊಂಡು ಹೋಗಿದ್ದ ಇಂಗ್ಲಿಷ್ ಎಲ್ಲ ಮರೆತು, ಇವರು ನನ್ನ ತಾಯಿಯ ತಮ್ಮ ಎಂದಷ್ಟೇ ಹೇಳಿದಳು. ನಾಗಾರ್ಜುನ ನೆಲ ನೋಡುತ್ತಿದ್ದ. ಡಾಕ್ಟರ ಮುಖದಲ್ಲಿ ಹೇಸಿಗೆ ಬರುತ್ತದೆಂದು ಇಬ್ಬರೂ ಕಾದರು.

"ಸರಿ," ಎಂದು ಆಕೆ ಕಂಪ್ಯೂಟರಿನಲ್ಲಿ "ಇಲ್ಲ" ಇದ್ದಲ್ಲಿ "ಹೌದು" ಮಾಡಿದರು. "ಇಂಥ ಕುಟುಂಬಗಳು ನನ್ನ ಹತ್ತಿರ ತಿಂಗಳಿಗೆ ಒಂದೆರಡಾದರೂ ಬರುತ್ತವೆ. ಯಾವ ಟೆಸ್ಟ್ ಮೊದಲು ಮಾಡಬೇಕು ಅನ್ನುವುದಕ್ಕಷ್ಟೇ ನಾವು ಕೇಳುವುದು." ನಾಲ್ವರ ರಕ್ತ ತೆಗೆದುಕೊಂಡರು.

ಮೂರು ವಾರಕ್ಕೆ ಫಲಿತಾಂಶ ಬಂತು, ಡಾಕ್ಟರು ಎಲ್ಲರನ್ನೂ ಕರೆಸಿಕೊಂಡರು. ಮಿದುಳಿನ ನರಗಳ ಮೇಲಿನ ಹೊದಿಕೆ ಕರಗುತ್ತ ಹೋಗುವ ಕಾಯಿಲೆ. ಇಬ್ಬರು ಮಕ್ಕಳಿಗೂ ಇತ್ತು. ನಿಸರ್ಗಾಳಿಗೆ ಮಾಡುವುದೇನೂ ಉಳಿದಿಲ್ಲ, ನೋವಾಗದಂತೆ ನೋಡಿಕೊಳ್ಳಬಹುದು ಎಂದರು ಡಾಕ್ಟರು. ಕುಶಲ್‌ಗೆ ಚಿಕಿತ್ಸೆ ಇದೆ, ಅವನ ರಕ್ತದ ಕಣಗಳನ್ನೇ ತೆಗೆದು ಸರಿಮಾಡಿ ವಾಪಸು ಕೊಡುತ್ತಾರೆ. ಆದರೆ ನಡಿಗೆ ಕೆಡದಿದ್ದರೆ ಮಾತ್ರ. ಕೆಟ್ಟ ಮೇಲೆ ಕೊಟ್ಟರೆ ಪ್ರಯೋಜನವಿಲ್ಲ, ಕೊಡುವುದೂ ಇಲ್ಲ.

ಡಾಕ್ಟರು ನೆಲಕ್ಕೆ ನೀಲಿ ಟೇಪಿನ ಒಂದು ಗೆರೆ ಅಂಟಿಸಿದರು. ಶೂ ಬಿಚ್ಚಿ ಕುಶಲ್‌ನನ್ನು ಆ ತುದಿಗೆ ನಿಲ್ಲಿಸಿ, ಈ ತುದಿಯಲ್ಲಿ ತಂದೆಯನ್ನು ಕೂರಲು ಹೇಳಿದರು. ಲಾಸ್ಯಾ ಗೋಡೆಗೆ ಒರಗಿ ನಿಂತಳು. ಕೇಳಿದ್ದ, ಕೇಳದಿದ್ದ ದೇವರನ್ನೆಲ್ಲ ನೆನೆದಳು. ಕುಶಲ್ ನಾಲ್ಕು ಹೆಜ್ಜೆ ಚೆನ್ನಾಗಿ ಬಂದ. ಐದನೆಯದಕ್ಕೆ ಎಡಗಾಲು ಒಳಕ್ಕೆ ತಿರುಗಿತು. ಆರನೆಯದಕ್ಕೆ ಬಿದ್ದ.

"ಇದು ಯಾವಾಗಿನಿಂದ?" ಎಂದು ಕೇಳಿದರು ಡಾಕ್ಟರು.

"ಇಲ್ಲ, ಇವತ್ತೇ ಮೊದಲು," ಎಂದ ನಾಗಾರ್ಜುನ. ಅವನು ಸುಳ್ಳು ಹೇಳುತ್ತಿರಲಿಲ್ಲ, ಪಾಪ.

"ಜೂನ್ ಮೊದಲ ವಾರದಿಂದ," ಎಂದಳು ಲಾಸ್ಯಾ. "ಮಾರ್ಚಿನಲ್ಲಿ ಚೆನ್ನಾಗಿದ್ದ. ಮಾರ್ಚಿನಲ್ಲೇ ನಮಗೆ ಅನುಮಾನ ಬಂದಿತ್ತು."

ನಾಗಾರ್ಜುನ ತಲೆಯೆತ್ತಿ ಅವಳನ್ನು ನೋಡಿದ. ಮದುವೆಯಾದ ಇಷ್ಟು ವರ್ಷದಲ್ಲಿ ಅವನು ಅವಳನ್ನು ಹಾಗೆ ನೋಡಿರಲಿಲ್ಲ. ಡಾಕ್ಟರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಮಾರ್ಚಿನಲ್ಲಿ ಬಂದಿದ್ದರೆ ಕೊಡಬಹುದಿತ್ತು," ಎಂದರು.

ಅಷ್ಟರಲ್ಲಿ ಕುಶಲ್ ಕೈಯೂರಿ ತಾನೇ ಎದ್ದು, ಗೆರೆಯ ಆ ತುದಿಗೆ ವಾಪಸು ಹೋಗಿ ನಿಂತುಕೊಂಡಿದ್ದ. ಇದೊಂದು ಹೊಸ ಆಟವೆಂದು ಅವನಿಗೆ ಖುಷಿಯಾಗಿತ್ತು.

"ಅಗೇನ್?" ಎಂದು ಅಪ್ಪನನ್ನು ಕೇಳಿದ.

ನಾಗಾರ್ಜುನ ಗೆರೆಯ ಹತ್ತಿರಕ್ಕೆ ಸರಿದು, "ಹೂಂ, ಬಾ ಮಗ," ಎಂದು ಕೈ ಚಾಚಿದ.